ಬಾರದಾನ

ಮೂವತ್ತೊಂದು ವರ್ಷ ಗಂಜಿನಾಗ ತೊಗರಿ ತೂಗೀನಿ.
ಕಲಬುರಗಿ ಬಿಸಲಿಗಿ ತಕ್ಕಡಿ ಸರಪಳಿ ಮುಟ್ಟಿದರ
ಅಂಗೈ ಚುರ್ ಅಂತಿತ್ತು.
ಅವ್ವ ಇಟ್ಟ ಹೆಸರು ಮಾಣಿಕಪ್ಪ.
ಮಂದಿ ಬಾಯಾಗ ನಾ ಬರೇ ತೂಕದಾಂವ.

ಈ ಕೆಲಸದಾಗ ಮೊದಲ ದಿನ ಕಲಸೂದು ಒಂದೇ:
ಚೀಲದ ತೂಕ ಕಳಿ.
ಗೋಣಿ ಹಸಿ ಇದ್ದರ ಒಂದು ಲೆಕ್ಕ, ಒಣಗಿದ್ದರ ಒಂದು,
ತ್ಯಾಪಿ ಹಚ್ಚಿದ್ದರ ಮತ್ತೊಂದು.
ಬಾರದಾನ ಕಳೀದೆ ಬರದ ಚೀಟಿ
ಚೀಟಿ ಅಲ್ಲ, ಬರೇ ಕಾಗದ.

ಚೀಲದ್ದು ಕಲೀಲಾಕ ಒಂದು ತಾಸು ಸಾಕಾತು.
ಮಾತಿಂದು ಕಲೀಲಾಕ
ಮೊಣಕಾಲ ಚಿಪ್ಪು ಸವೀಬೇಕಾತು.

ಗುಂಡಮ್ಮ ಒಂದಿನ ಹೊಚ್ಚಲದಾಗ ನಿಂತು ಅಂದಳು:
"ಊರ ಮಂದಿ ಮಾಲೆಲ್ಲ ತೂಗತೀರಿ,
ನನ್ನ ಟೊಂಕದ ಮ್ಯಾಲಿನ ಕೊಡ ಎಷ್ಟು ಭಾರ ಅದ ಅಂತ
ಒಮ್ಮ್ಯಾರೆ ಕೇಳೀರೇನು?"
ಆ ಮಾತು ಇದ್ದಂಗೇ ತಕ್ಕಡಿಗಿ ಹಾಕಿ
ಎಂಟು ದಿವಸ ಮಾತು ಬಿಟ್ಟೆ ನಾ.
ಕಳೀಬೇಕಿತ್ತು.
ಮೂರು ದಿನದಿಂದ ನಳಕ್ಕ ನೀರು ಬಂದಿದ್ದಿಲ್ಲ,
ಅಕಿ ಹಿಮ್ಮಡ ಒಡದು ನೆತ್ತರ ಒಣಗಿತ್ತು,
ಬಾಜೂ ಮನಿಗಿ ಅಕಿ ತವರಿನ ಫೋನು ಬಂದಿತ್ತು,
ಏನಂದರು ಅಂತ ನಾ ಕೇಳಿದ್ದಿಲ್ಲ.
ಇಷ್ಟು ಕಳದ ಮ್ಯಾಲ ಉಳೀತಿದ್ದದ್ದು
ಒಂದು ಮುಟಿಗಿ ಮಾತು.
ಆ ಮುಟಿಗಿನೂ ಖರೇನೇ ಇತ್ತು.

ತಪ್ಪು ಒಂದೇ ಸಲ ತೂಗೀನಿ ಅಂತ ಹೇಳಲಾಕ ಬರಲ್ಲ.
ಒಂದು ನೆನಪದ.
ಅಡತಿ ಸಾಹುಕಾರ ಕಣ್ಣಿಲೇ ಹೇಳಿದ,
ನಾ ಪರಡಿಗಿ ಹೆಬ್ಬಟ್ಟು ಆನಿಸಿದೆ.
ಆಳಂದ ಕಡೀ ಹೆಣ್ಣಮಗಳು. ಕೈತುಂಬ ಹಸರ ಬಳಿ.
ಮುಳ್ಳು ನೋಡಲಿಲ್ಲ ಅಕಿ,
ನನ್ನ ಹೆಬ್ಬಟ್ಟು ನೋಡಿದಳು.
ಚೀಟಿ ಸಣ್ಣಗ ಮಡಚಿ ಸೆರಗಿನ ಚುಂಗಿಗಿ ಕಟಗೊಂಡು
ಟಾಂಗಾ ಹತ್ತಿದಳು.

ಅರ್ಧ ಕಿಲೋ.
ಹಮಾಲ ಚಾಂದಪಾಶಾಗ ಚಾ ಕುಡಿಯೋವಾಗ ಕೇಳಿದೆ,
"ಎಲ್ಲಾಕಿಂತ ಭಾರ ಯಾವ ಚೀಲ ಅನಸ್ತದೋ?"
ಬಶಿಯೊಳಗಿನ ಚಾ ಊದಿ ಅಂದ:
"ಇಳಸಲಾಕ ಜಾಗ ಸಿಗಲಾರದ್ದು."

ಈಗ ಗಂಜಿನಾಗ ಕರೆಂಟಿನ ಕಾಟಾ ಬಂದಾವ.
ನಾ ಮೊಮ್ಮಗನ ಕಿರಾಣಿ ಅಂಗಡ್ಯಾಗ
ಸಣ್ಣ ಕಾಟಾದ ಮುಂದ ಕೂಡತೀನಿ.
ಮೊನ್ನಿ ಜೀರಗಿ ತೂಗಲಾಕ ಹೋದರ ಅಂಕಿ ನಿಲ್ಲವಲ್ದು.
ಐವತ್ತೊಂದು, ನಲವತ್ತೆಂಟು, ಮತ್ತ ಐವತ್ತು.
ಕೆಟ್ಟದ ಅಂತ ಎರಡು ಬಡದೆ.
ಜೀರಗಿ ಒಯ್ಯಲಾಕ ಬಂದ ಹುಡುಗಿ ಅಂತಾಳ,
"ಮುತ್ಯಾ, ಫ್ಯಾನ್ ಬಂದ್ ಮಾಡ್ರಿ."
ಮಾಡಿದೆ.
ಬೆವರು ಕುತ್ತಿಗಿಗುಂಟ ಇಳೀತು.
ಅಂಕಿ ನಿಂತಿತು.

ತಂಪಿದ್ದಲ್ಲೇ ಶಾಂತಿ ಇರ್ತದ ಅಂತ
ತಿಳಕೊಂಡಿದ್ದೆ ನೋಡ್ರಿ, ಇಷ್ಟು ದಿನ.

ರಾತ್ರಿ ಮಾಳಗಿ ಮ್ಯಾಲ ಮಲಗತೀವಿ.
ಹಾಸಗಲ್ಲು ನಡುರಾತ್ರಿ ತನಕ ಹಗಲಿನ ಕಾವು ಬಿಡಲ್ಲ.
ಗೋಣಿ ಹಾಸಿ ಅಂಗಾತ ಬಿದ್ದು ಲೆಕ್ಕ ಹಾಕತೀನಿ.
ತಮ್ಮ ಆಡಿದ್ದು, ಸಾಹುಕಾರ ಆಡಿದ್ದು,
ನಾ ಆಡಿದ್ದು. ಅದರಾಗ ಬಿಸಲು ಎಷ್ಟು, ಹಸಿವು ಎಷ್ಟು,
ಮೆಟ್ಟು ಕಚ್ಚಿದ್ದು ಎಷ್ಟು.
ಭಾಳಷ್ಟು ಬರೇ ಚೀಲ.

ಆ ಅರ್ಧ ಕಿಲೋ ಮಾತ್ರ ಕಳಿಯಲ್ಲ.
ಅದು ಬಾರದಾನ ಅಲ್ಲ, ಮಾಲು.
ನಂದೇ. ಇರ್ಲಿ.

ಬಾಜೂಕ ಗುಂಡಮ್ಮನ ಬಳಿ ಸಪ್ಪಳಾತು.
ಕೇಳಿದೆ: "ಅವತ್ತು ತವರಿಂದ ಫೋನ್ ಬಂದಿತ್ತಲಾ,
ಏನಂದಿದ್ದರು?"
"ಯಾವ ಫೋನು? ಯಾವ ಕಾಲದ್ದು?
ಮಕ್ಕೋರಿ ಸುಮ್ಮ."

ದೂರ ವಾಡಿ ಕಡಿ ಗೂಡ್ಸ್ ಗಾಡಿ ಹೋತು,
ಡಬ್ಬಿ ಎಣಿಸಿದಂಗ ಸಪ್ಪಳ.
ಅದು ಪೂರಾ ಹೋದ ಮ್ಯಾಲ
ಅಕಿ ಈ ಮಗ್ಗಲಿಗಿ ಹೊಳ್ಳಿ,
ಸಣ್ಣ ದನೀಲೆ ಹೇಳಲಾಕ ಸುರು ಮಾಡಿದಳು.